ಮಡಿವಾಳ ಹಕ್ಕಿಯ ಬಾಲ ಮೇಲೆದ್ದ ಬೆಳಗು

ಲೋಕವಿನ್ನೂ ತಿಗರಿಯಿಂದ ಆಗಷ್ಟೇ ಇಳಿಸಿದ ಮಡಕೆಯ ಹಾಗೆ ಹಸಿಹಸಿಯಾಗಿತ್ತು. ಬೆಟ್ಟಗಳು ಮೆತ್ತಗಿದ್ದವು. ಯಾವ ಕಡೆ ಬೀಸಬೇಕೆಂದು ಗಾಳಿಗೆ ಇನ್ನೂ ಸರಿಯಾಗಿ ಗೊತ್ತಿರಲಿಲ್ಲ. ದಾರಿಯಲ್ಲಿ ಸಿಕ್ಕವರನ್ನು ಕೇಳಿಕೊಂಡು ಹೋಗುತ್ತಿತ್ತು. ಹೊಳೆ ಮಾತಾಡುತ್ತಿತ್ತು, ಹಸು ಮಾತಾಡುತ್ತಿತ್ತು, ಮನುಷ್ಯರು ಕೂತು ಕೇಳಿ ಉತ್ತರ ಕೊಡುತ್ತಿದ್ದರು.

ಆ ಕಾಲದಲ್ಲಿ ಹೊಳೆಸಾಲು ಎಂಬ ನಾಡಿನಲ್ಲಿ ಸಿಳ್ಳ ಎಂಬ ಪುಟ್ಟ ಹಕ್ಕಿಯಿದ್ದ. ಕಪ್ಪು ಬೆನ್ನು, ಬಿಳಿ ಹೊಟ್ಟೆ. ಬಾಲ ಎಲ್ಲ ಹಕ್ಕಿಗಳ ಬಾಲದ ಹಾಗೆ ಹಿಂದಕ್ಕೆ ಚಾಚಿಕೊಂಡಿತ್ತು. ನೋಡಿದರೆ ಮುಷ್ಟಿಯಷ್ಟು. ಆದರೆ ಅವನ ಕೊರಳು ಇತ್ತಲ್ಲ, ಅದು ಇಡೀ ನಾಡಿಗೆ ಸಾಕಾಗುವಷ್ಟು ದೊಡ್ಡದು.

ದಿನಾ ಮೂಡಣ ಬೆಳ್ಳಗಾಗುವ ಹೊತ್ತಿಗೆ ಸಿಳ್ಳ ರಂಜೆ ಮರದ ತುದಿಗೆ ಹಾರಿ ಹಾಡುತ್ತಿದ್ದ. ಅವನ ಹಾಡು ಕೇಳಿ ಜೇನುನೊಣಗಳು ಗೂಡಿನಿಂದ ಹೊರಡುತ್ತಿದ್ದವು. ಅವನ ಹಾಡು ಕೇಳಿ ಕೌಲೆ ಹಸು ಎದ್ದು ಮೈಮುರಿಯುತ್ತಿತ್ತು. ಅವನ ಹಾಡು ಕೇಳಿ ಕೋಟೆ ಬಾಗಿಲ ಮೇಲಿನ ಬಾಳವ್ವ ಗಂಟೆ ಹೊಡೆಯುತ್ತಿದ್ದಳು.

ಬಾಳವ್ವನದು ಹೊತ್ತು ಎಣಿಸುವ ಕೆಲಸ. ಅವಳ ಹತ್ತಿರ ಒಂದು ತಾಮ್ರದ ಬಟ್ಟಲಿತ್ತು. ಅದರ ತಳದಲ್ಲಿ ಸೂಜಿಮೊನೆಯಷ್ಟು ತೂತು. ನೀರಿನ ಹಂಡೆಯಲ್ಲಿ ತೇಲಿಬಿಟ್ಟರೆ ಅದು ಮೆಲ್ಲಗೆ ತುಂಬಿ ಮುಳುಗುತ್ತಿತ್ತು. ಒಂದು ಸಲ ಮುಳುಗಿದರೆ ಒಂದು ಗಳಿಗೆ. ಅರವತ್ತು ಸಲ ಮುಳುಗಿದರೆ ಒಂದು ಹಗಲು, ಒಂದು ರಾತ್ರಿ.

"ಬಟ್ಟಲು ಎಣಿಸುತ್ತೆ ಕಣಪ್ಪ, ಆದರೆ ಶುರು ಮಾಡು ಅನ್ನೋನು ನೀನೇ" ಎಂದು ಅವಳು ಸಿಳ್ಳನಿಗೆ ಹೇಳುತ್ತಿದ್ದಳು. ಸಿಳ್ಳನಿಗೆ ಎದೆ ಉಬ್ಬುತ್ತಿತ್ತು.

ಆ ನಾಡಿನ ಒಡೆಯ ಮುದ್ದರಸ. ಒಳ್ಳೆಯವನೇ. ಆದರೆ ಏನನ್ನೂ ಹಾಳಾಗಲು ಬಿಡದ ಮನುಷ್ಯ. ತಟ್ಟೆಯಲ್ಲಿ ಒಂದು ಅಗುಳು ಉಳಿದರೂ ಸಂಕಟಪಡುತ್ತಿದ್ದ. ಒಂದು ಬೇಸಿಗೆ ಬೆಳಿಗ್ಗೆ ಅವನು ಮಾಳಿಗೆ ಹತ್ತಿ ನೋಡುತ್ತಾನೆ, ಬೀದಿ ತುಂಬ ಬಿಸಿಲು ಬಿದ್ದಿದೆ, ಜನ ಇನ್ನೂ ಕಣ್ಣುಜ್ಜುತ್ತಿದ್ದಾರೆ.

"ಅಯ್ಯೋ, ಇಷ್ಟು ಬೆಳಕು ಸುಮ್ಮನೆ ಚೆಲ್ಲಿ ಹೋಗುತ್ತಿದೆಯಲ್ಲ!" ಅಂದ.

ಅಂದೇ ಡಂಗುರ ಸಾರಿಸಿದ. "ಬೇಸಿಗೆಯಲ್ಲಿ ಬೆಳಗಿನ ಗಂಟೆ ಎರಡು ಗಳಿಗೆ ಮುಂಚೆಯೇ ಬಾರಿಸಬೇಕು. ಚಳಿಗಾಲ ಬಂದಾಗ ಮತ್ತೆ ಹಿಂದಕ್ಕೆ ಸರಿಸಬೇಕು. ಬೇಗ ಎದ್ದರೆ ಬೇಗ ಕೆಲಸ ಮುಗಿಯುತ್ತದೆ, ಸಂಜೆಗೆ ಎರಡು ಗಳಿಗೆ ಬೆಳಕು ಉಳಿಯುತ್ತದೆ!"

ನೇಕಾರರಿಗೆ ಸಂತೋಷವಾಯಿತು. ಚಿಣ್ಣಿದಾಂಡು ಆಡುವ ಮಕ್ಕಳಿಗಂತೂ ಹಬ್ಬ.

ಆಮೇಲೆ ಮುದ್ದರಸ ರಂಜೆ ಮರದ ಕೆಳಗೆ ಬಂದು ತಲೆಯೆತ್ತಿ ಕೇಳಿದ: "ಸಿಳ್ಳ, ಗಂಟೆ ಒಂದು ಹೇಳಿ ನೀನೊಂದು ಹೇಳಿದರೆ ಜನ ಯಾರನ್ನು ನಂಬಬೇಕು? ನಾಳೆಯಿಂದ ಗಂಟೆಯ ಜೊತೆಗೇ ಹಾಡುತ್ತೀಯಾ?"

ನಾಡಿನ ಒಡೆಯನೇ ಮರದ ಬುಡಕ್ಕೆ ಬಂದು ಕೇಳಿದ್ದಾನೆ! ಸಿಳ್ಳ ಹಿಂದೆಮುಂದೆ ನೋಡದೆ "ಆಗಲಿ" ಅಂದುಬಿಟ್ಟ.

ಮರುದಿನ ಐವತ್ತೆಂಟನೇ ಸಲ ಬಟ್ಟಲು ಮುಳುಗುತ್ತಲೇ ಬಾಳವ್ವ ಗಂಟೆ ಹೊಡೆದಳು. ಕಗ್ಗತ್ತಲು. ಸಿಳ್ಳನ ಕಾಲಿನ ಕೆಳಗೆ ಕೊಂಬೆ ತಣ್ಣಗಿತ್ತು. ಎಲೆಗಳಿನ್ನೂ ಮಡಚಿಕೊಂಡು ಮಲಗಿದ್ದವು. ಆದರೂ ಕೊಟ್ಟ ಮಾತು. ಕತ್ತೆತ್ತಿ ಹಾಡಿದ: "ಬೆಳಗಾಯಿತು, ಏಳಿ! ಬೆಳಗಾಯಿತು, ಏಳಿ!"

"ಎಲ್ಲಿ ಬೆಳಗಾಯಿತೋ ಅಣ್ಣ?" ಕೊಟ್ಟಿಗೆಯಿಂದ ಕೌಲೆ ಹಸು ಕೂಗಿತು. "ನನ್ನ ಕೆಚ್ಚಲಿಗೆ ಇನ್ನೂ ಹಾಲೇ ಇಳಿದಿಲ್ಲ!"

ಆದರೆ ಜೇನುನೊಣಗಳು ಏನೂ ಕೇಳಲಿಲ್ಲ. ಸಿಳ್ಳ ಹಾಡಿದ್ದಾನೆ ಅಂದಮೇಲೆ ಬೆಳಗಾಗಿದೆ, ಅಷ್ಟೇ. ಗುಂಯ್ ಎಂದು ಹೊರಟವು. ಹೊರಗೆ ಬೆಳಕಿಲ್ಲ, ಬೆಚ್ಚಗಿಲ್ಲ, ಒಂದು ಹೂವೂ ಬಾಯಿ ಬಿಟ್ಟಿಲ್ಲ. ಇಬ್ಬನಿಯಲ್ಲಿ ರೆಕ್ಕೆ ನೆನೆದು ಒಂದೊಂದೇ ಹುಲ್ಲಿನ ಮೇಲೆ ಉದುರತೊಡಗಿದವು.

ಸಿಳ್ಳ ಮರದಿಂದ ಬಿದ್ದವನ ಹಾಗೆ ಕೆಳಗಿಳಿದ. ರೆಕ್ಕೆ ಬಿಚ್ಚಿ ಅವುಗಳ ಮೇಲೆ ಹರಡಿ, ತನ್ನ ಹೊಟ್ಟೆಯ ಬಿಸಿ ಕೊಟ್ಟು ಕೂತ. ಸೂರ್ಯ ಬಂದಾಗ ಎಷ್ಟೋ ನೊಣಗಳು ಮೈ ಒಣಗಿಸಿಕೊಂಡು ಎದ್ದವು. ಕೆಲವು ಏಳಲೇ ಇಲ್ಲ.

"ನಿಮಗೆ ಯಾಕೆ ಹೀಗಾಯಿತು?" ಎಂದು ಗಾಳಿ ಕೇಳಿತು.

"ಯಾಕೂ ಇಲ್ಲಪ್ಪ," ಒಂದು ಮುದಿ ಜೇನುನೊಣ ಹೇಳಿತು. "ಅವನು ಕರೆದ, ನಾವು ಬಂದೆವು."

ಅದು ಬೈದಿದ್ದರೆ ಸಿಳ್ಳ ತಡೆದುಕೊಳ್ಳುತ್ತಿದ್ದ. ಬೈಯಲಿಲ್ಲವಲ್ಲ, ಅದು ಎದೆಗೆ ಚುಚ್ಚಿತು. ಅವನ ಬಾಲ ಜೋತುಬಿತ್ತು. ಹಾಗೇ ಹಾರಿ ಮುದ್ದರಸನ ಮನೆಯ ಜಗಲಿಗೆ ಹೋದ.

"ಒಡೆಯ, ನಾನು ಇನ್ನುಮೇಲೆ ಗಂಟೆಗೆ ಹಾಡುವುದಿಲ್ಲ. ಬೆಳಗಿಗೆ ಮಾತ್ರ ಹಾಡುತ್ತೇನೆ. ಈ ಗಂಟೆ ಸರಿಸುವುದನ್ನು ನಮ್ಮ ನಾಡು ಬಿಟ್ಟುಬಿಡಬೇಕು."

ಮುದ್ದರಸನಿಗೆ ಕೋಪ ಬರಲಿಲ್ಲ, ತಾನು ಮಾಡಿದ್ದು ಸರಿಯೇ ಎಂದು ಅನುಮಾನ ಬಂತು. ಕೋಟೆ ಬಾಗಿಲ ಮುಂದೆ ಸಭೆ ಸೇರಿಸಿದ.

"ಸಂಜೆ ಬೆಳಕಿದ್ದರೆ ನಮ್ಮ ಮಗ್ಗ ಇನ್ನೊಂದು ಗೇಣು ನೇಯುತ್ತದೆ," ಅಂದ ನೇಕಾರರ ಯಜಮಾನ. "ಬಿಡಬೇಡಿ."

"ಇವತ್ತು ನಮ್ಮ ಕೂಸುಗಳು ತುತ್ತು ಬಾಯಲ್ಲಿಟ್ಟುಕೊಂಡೇ ನಿದ್ದೆ ಹೋದವು," ಅಂದಳು ಒಬ್ಬ ತಾಯಿ. "ಬಿಟ್ಟುಬಿಡಿ."

ಹೊಳೆ ದಂಡೆಗೆ ತಲೆ ಕೊಟ್ಟು ಕೇಳಿಸಿಕೊಳ್ಳುತ್ತಿತ್ತು. "ಒಡೆಯ, ಒಂದು ಮಾತು. ನನ್ನ ನೀರನ್ನು ಈ ಬಿಂದಿಗೆಯಿಂದ ಆ ಬಿಂದಿಗೆಗೆ ಸುರಿದರೆ ನೀರು ಹೆಚ್ಚಾಗುತ್ತದೆಯೆ?"

ಮುದ್ದರಸ ಗಡ್ಡ ಕೆರೆದುಕೊಂಡ. ಬಾಳವ್ವನ ಕಡೆ ತಿರುಗಿದ. "ನೀನೇನು ಹೇಳುತ್ತೀ?"

"ಗಂಟೆ ನನ್ನ ಕೈಯಲ್ಲಿದೆ ಸ್ವಾಮಿ," ಅಂದಳು ಬಾಳವ್ವ. "ಹೊತ್ತು ನನ್ನ ಕೈಯಲ್ಲಿಲ್ಲ."

"ಹಾಗಾದರೆ ಈ ಮುಷ್ಟಿ ಹಕ್ಕಿಯ ಕೈಯಲ್ಲಿದೆಯೋ?" ನೇಕಾರರ ಯಜಮಾನ ನಕ್ಕ. "ಅವನೂ ನಮ್ಮ ಹಾಗೆ ಕಣ್ಣಿಂದ ಬೆಳಕು ನೋಡಿ ಕೂಗುತ್ತಾನೆ. ಅದರಲ್ಲೇನು ದೊಡ್ಡಸ್ತಿಕೆ?"

ಸಿಳ್ಳ ಮುಂದೆ ಬಂದ. "ನನ್ನ ಕಣ್ಣಿಗೆ ಬಟ್ಟೆ ಕಟ್ಟಿ. ಬೆಳಗಾಗುವ ಹೊತ್ತನ್ನು ನೋಡದೆಯೇ ಹೇಳುತ್ತೇನೆ. ನಾನು ಹೇಳಿದ್ದು ಒಂದೆರಡು ಉಸಿರು ತಪ್ಪಿದರೂ ಈ ನಾಡು ಬಿಟ್ಟು ಹೋಗುತ್ತೇನೆ. ಸರಿಯಾದರೆ, ಗಂಟೆ ಸರಿಸುವುದು ನಿಲ್ಲಬೇಕು."

"ಒಪ್ಪಿದೆ," ಅಂದ ಮುದ್ದರಸ.

ಮರುದಿನ ನಸುಕಿಗೆ ಇಡೀ ಹೊಳೆಸಾಲು ಕೋಟೆ ಬಾಗಿಲಿಗೆ ಬಂದಿತ್ತು. ಸಿಳ್ಳನ ಕಣ್ಣಿಗೆ ಎರಡು ಸುತ್ತು ಬಟ್ಟೆ ಕಟ್ಟಿ ಗಂಟೆಯ ತೊಲೆಯ ಮೇಲೆ ಕೂರಿಸಿದರು. ಬಟ್ಟಲು ಐವತ್ತೆಂಟನೇ ಸಲ ಮುಳುಗಿತು. ಢಣ್! ಅವನ ಮಗ್ಗುಲಲ್ಲೇ ಗಂಟೆ ಮೊಳಗಿತು. ತೊಲೆ ಅದುರಿತು.

ಸಿಳ್ಳ ಹಾಡಲಿಲ್ಲ.

"ಹೆದರಿಬಿಟ್ಟ," ಯಾರೋ ಪಿಸುಗುಟ್ಟಿದರು. "ನಿದ್ದೆ ಹೋಗಿರಬೇಕು," ಇನ್ನಾರೋ ನಕ್ಕರು.

ಸಿಳ್ಳ ಹಾಡಲಿಲ್ಲ. ಬಟ್ಟೆಯ ಒಳಗೆ ಅವನಿಗೆ ಏನೂ ಕಾಣುತ್ತಿರಲಿಲ್ಲ. ಆದರೆ ಕೊರಳ ಗರಿಯ ಬುಡದಲ್ಲಿ ಚಳಿ ಇನ್ನೂ ಬಿಗಿಯಾಗಿದೆ, ಅದು ಗೊತ್ತಿತ್ತು. ಗಾಳಿ ಇನ್ನೂ ಬೆಟ್ಟದಿಂದ ಕೆಳಗಿಳಿಯುತ್ತಿದೆ, ಅದೂ ಗೊತ್ತಿತ್ತು. ಬಟ್ಟಲು ಇನ್ನೊಮ್ಮೆ ಮುಳುಗಿತು. ತಪ್ಪಿದರೆ ಈ ಮರ, ಈ ಹೊಳೆ ಯಾವುದೂ ತನ್ನದಲ್ಲ. ಹಾಡಿಬಿಡಲೇ ಎಂದು ಕೊರಳು ತವಕಿಸಿತು. ಮುದಿ ನೊಣದ ಮಾತು ನೆನೆದು ಕೊಕ್ಕು ಬಿಗಿಹಿಡಿದ.

ಆಗ ಗಾಳಿ ಒಂದು ಚಣ ನಿಂತು, ಹೊಳೆಯ ಕಡೆಯಿಂದ ಮೆಲ್ಲಗೆ ಬಂತು. ಚಳಿಯ ಗಂಟು ಕೂದಲೆಳೆಯಷ್ಟು ಸಡಿಲಾಯಿತು. ಸಿಳ್ಳನ ಎದೆಯ ಒಳಗೆ, ಅವನಿಗೂ ಹೆಸರು ಗೊತ್ತಿಲ್ಲದ ಯಾವುದೋ ಒಂದು, ಕಣ್ಣು ಬಿಟ್ಟಿತು.

"ಬೆಳಗಾಯಿತು, ಏಳಿ!"

ಜನರೆಲ್ಲ ಮೂಡಣಕ್ಕೆ ತಿರುಗಿದರು. ಬೆಟ್ಟದ ಬೆನ್ನ ಮೇಲೆ, ಹಾಲು ಚೆಲ್ಲಿದ ಹಾಗೆ, ಮೊದಲನೆಯ ಬಿಳಿ ಗೀರು ಮೂಡುತ್ತಿತ್ತು. ಅದೇ ಕ್ಷಣಕ್ಕೆ ಬಾಳವ್ವನ ಬಟ್ಟಲು ಅರವತ್ತನೇ ಸಲ ಬುಳುಕ್ ಎಂದು ಮುಳುಗಿತು.

ಆಮೇಲೆ ಎದ್ದ ಕೂಗಿಗೆ ಕೋಟೆಯ ಪಾರಿವಾಳಗಳೆಲ್ಲ ಹಾರಿಹೋದವು. ಜೇನುನೊಣಗಳು ಸಾಲುಗಟ್ಟಿ ಹೊರಟವು. ಕೌಲೆ ಹಸು "ಈಗ ಸರಿ!" ಎಂದು ಅಂಬಾ ಅಂದಿತು.

ಮುದ್ದರಸ ತಾನೇ ಏಣಿ ಹತ್ತಿ ಹೋಗಿ ಬಟ್ಟೆ ಬಿಚ್ಚಿದ. "ಬೆಳಕನ್ನು ಉಳಿಸುತ್ತೇನೆ ಅಂದುಕೊಂಡಿದ್ದೆ," ಅಂದ. "ಉಳಿಸಲಿಲ್ಲ, ನಿನ್ನ ಬಾಯಲ್ಲಿ ಸುಳ್ಳು ಹೇಳಿಸಿದೆ. ತಪ್ಪಾಯಿತು, ಸಿಳ್ಳ." ಆಮೇಲೆ ಜನರ ಕಡೆ ತಿರುಗಿ ಗಟ್ಟಿಯಾಗಿ ಹೇಳಿದ: "ಸಂಜೆ ಬೆಳಕು ಬೇಕಾದವರು ತಾವೇ ಬೇಗ ಏಳಲಿ, ಯಾರೂ ಬೇಡ ಅನ್ನುವುದಿಲ್ಲ. ಗಂಟೆ ಮಾತ್ರ ಇನ್ನು ಅಲುಗದು. ಹಕ್ಕಿ ಗಂಟೆಯ ಮಾತು ಕೇಳಬೇಕಾಗಿಲ್ಲ. ಗಂಟೆಯೇ ಹಕ್ಕಿಯ ಮಾತು ಕೇಳಲಿ!"

ನೇಕಾರರ ಯಜಮಾನ ಮೊದಲು ಚಪ್ಪಾಳೆ ತಟ್ಟಿದ. ನಕ್ಕವನೂ ಅವನೇ ಅಲ್ಲವೆ?

ಜೋತುಬಿದ್ದಿದ್ದ ಸಿಳ್ಳನ ಬಾಲ ಮೆಲ್ಲಗೆ ಮೇಲೆದ್ದಿತು. ಬೆನ್ನಿನ ಮಟ್ಟಕ್ಕೆ ಬಂತು, ಅಲ್ಲಿಗೂ ನಿಲ್ಲಲಿಲ್ಲ. ಬಾವುಟದ ಕೋಲಿನ ಹಾಗೆ ನೆಟ್ಟಗೆ ನಿಂತಿತು. ಅವನ ಮಕ್ಕಳಿಗೂ, ಮಕ್ಕಳ ಮಕ್ಕಳಿಗೂ ಬಾಲ ಹಾಗೇ ನಿಂತಿತು.

ಅದಕ್ಕೇ ಪುಟ್ಟಾ, ನಾಳೆ ನಸುಕಿಗೆ ಎದ್ದು ನೋಡು: ಮನೆ ಮುಂದಿನ ಮರದ ತುದಿಯಲ್ಲೋ ಕರೆಂಟಿನ ಕಂಬದ ಮೇಲೋ ಒಂದು ಮಡಿವಾಳ ಹಕ್ಕಿ ಬಾಲ ನೆಟ್ಟಗೆ ನಿಲ್ಲಿಸಿಕೊಂಡು, ಯಾವ ಗಡಿಯಾರವನ್ನೂ ಕೇಳದೆ, ಇಡೀ ಬೀದಿಗೆ ಬೆಳಗಾಯಿತೆಂದು ಹಾಡುತ್ತಿರುತ್ತದೆ.