ನಗಾರಿಯನ್ನು ನೆಕ್ಕಿದ ಆಡುಗಳು

"ಅಜ್ಜಯ್ಯಾ, ಒಳಗಿದ್ದುಕೊಂಡೇ ಹೊರಗಿನವರಿಗೆ ಸುದ್ದಿ ಮುಟ್ಟಿಸುವವನನ್ನು ಇಟ್ಟುಕೊಳ್ಳಬೇಕೋ, ಅಟ್ಟಬೇಕೋ?" ಎಂದು ನಿಜಗುಣ ಕೇಳಿದ.

ಅಜ್ಜಯ್ಯ ಮಠದ ಕಟ್ಟೆಯ ಮೇಲೆ ಕುಳಿತು ಕಡಲೆಕಾಯಿ ಸುಲಿಯುತ್ತಿದ್ದರು. "ಯಾರಪ್ಪ ಅವನು?"

"ಕರಿಸಿದ್ದ. ನಮ್ಮ ಮಾತೆಲ್ಲ ಹೊಳೆಯಾಚೆಯ ಮಠಕ್ಕೆ ಹೋಗುತ್ತಿದೆ. ಒಯ್ಯುವವನು ಅವನೇ. ನೀವು ಹೂಂ ಅನ್ನಿ, ಇವತ್ತೇ ಅವನ ಗಂಟು ಹೊರಗಿಡುತ್ತೇನೆ."

ಕರಿಸಿದ್ದ ಎಳವೆಯಿಂದ ಆ ಮಠದಲ್ಲೇ ಬೆಳೆದವನು. ಹೊರಗಿಟ್ಟರೆ ಹೋಗಲು ಅವನಿಗೆ ಮನೆಯಿರಲಿಲ್ಲ. ಅಜ್ಜಯ್ಯ ಹೂಂ ಅನ್ನಲಿಲ್ಲ. ಶಿಷ್ಯನ ಹೆಗಲು ನೋಡಿದರು.

"ಶಾಲು ಹೊಸದು. ಜರಿಯೂ ಇದೆ. ಯಾರು ಹೊದಿಸಿದರು?"

"ಹೊಳೆಯಾಚೆಯವರೇ. ಪುರಾಣ ಹೇಳಲು ಕರೆಸಿದ್ದರು. ಬಹಳ ಮೆಚ್ಚಿಕೊಂಡರು."

"ಮೆಚ್ಚಲೇಬೇಕು. ಕಲಿಸಿದವನು ನಾನಲ್ಲವೇ? ಕೂತುಕೋ, ಒಂದು ಕತೆ ಹೇಳುತ್ತೇನೆ. ಇದನ್ನು ನನ್ನ ಹಾಗೆ ಹೇಳುವವರು ಮೂರು ಲೋಕದಲ್ಲಿಲ್ಲ. ಒಬ್ಬನಿದ್ದ. ನನ್ನದು ಕೇಳಿದ ಮೇಲೆ ಅವನೂ ಕತೆ ಬಿಟ್ಟು ಎಮ್ಮೆ ಕಾಯಲು ಹೋದ."

ನಿಜಗುಣ ನಗದೆ ಕುಳಿತ. ಅಜ್ಜಯ್ಯ ಹೇಳತೊಡಗಿದರು.

ಒಬ್ಬ ದೊರೆಯಿದ್ದ. ಅವನ ಕೋಟೆ ಗುಡ್ಡದ ನೆತ್ತಿಯಲ್ಲಿತ್ತು. ಗುಡ್ಡದುದ್ದಕ್ಕೂ ಕಾವಲು ಠಾಣೆಗಳು. ಬುಡದ ಬಾಗಿಲನ್ನು ಅವನ ತಮ್ಮ ಕಾಯುತ್ತಿದ್ದ. ಠಾಣೆಯಿಂದ ಠಾಣೆಗೆ ಸುದ್ದಿ ಒಯ್ಯಲು ಓಟಗಾರರಿದ್ದರು. ಅವರ ಓಟ ಎಂಥದ್ದು ಅನ್ನುತ್ತೀ? ಬುಡದಲ್ಲಿ ತಮ್ಮ ಸೀನಿದರೆ, ಆ ಸೀನು ಮುಗಿಯುವ ಮೊದಲೇ ನೆತ್ತಿಯಲ್ಲಿ ಅಣ್ಣ "ನೂರು ವರ್ಷ ಬಾಳು" ಅನ್ನುತ್ತಿದ್ದ.

ಸುಗ್ಗಿಯಲ್ಲಿ ಒಬ್ಬ ವರ್ತಕ ಬಂದ. ದೊರೆಯ ಜೊತೆ ಪಗಡೆ ಆಡಿದ, ಸೋತ. ಸೋಲುವವನನ್ನು ಯಾವ ದೊರೆ ಬೇಡ ಅನ್ನುತ್ತಾನೆ? ಹೊರಡುವಾಗ ವರ್ತಕ ಸುಮ್ಮನೆ ಎಂಬಂತೆ ಹೇಳಿದ: "ನಿಮ್ಮ ಓಟಗಾರರು ಶತ್ರುವಿನ ಊರಿನಲ್ಲೂ ಅಂಬಲಿ ಕುಡಿಯುತ್ತಾರೆ ಅಂತ ಜನ ಆಡಿಕೊಳ್ಳುತ್ತಾರೆ, ಬುದ್ಧೀ. ನಾನಂತೂ ಕಂಡವನಲ್ಲ."

ಆ ಮಾತು ದೊರೆಯ ತಲೆಯನ್ನು ಹುಳುವಿನಂತೆ ಕೊರೆಯಿತು. ಓಟಗಾರ ಬೇಗ ಬಂದರೆ, ಇವನಿಗೇಕೆ ಇಷ್ಟು ಆತುರ ಅನ್ನಿಸಿತು. ತಡವಾಗಿ ಬಂದರೆ, ಎಲ್ಲಿ ಅಂಬಲಿ ಕುಡಿದು ಬಂದ ಅನ್ನಿಸಿತು. ಕೊನೆಗೆ ಎಲ್ಲರನ್ನೂ ಗುಡ್ಡ ಇಳಿಸಿ ಅಟ್ಟಲು ಹೊರಟ. "ಅಣ್ಣಾ, ಬೇಡ" ಎಂದು ತಮ್ಮ ಹೇಳಿ ಕಳಿಸಿದ. ಹೇಳಿ ಕಳಿಸಿದ್ದೂ ಓಟಗಾರನ ಬಾಯಲ್ಲೇ. ದೊರೆ ನಂಬಲಿಲ್ಲ, ಎಲ್ಲರನ್ನೂ ಅಟ್ಟಿಬಿಟ್ಟ.

ವರ್ತಕ ಮತ್ತೆ ಬಂದ. ಈ ಸಲ ಗಾಡಿಗಳ ತುಂಬ ನಗಾರಿಗಳಿದ್ದವು. "ಮನುಷ್ಯ ಲಂಚ ತಿನ್ನುತ್ತಾನೆ. ನಗಾರಿ ಪೆಟ್ಟು ಮಾತ್ರ ತಿನ್ನುತ್ತದೆ" ಎಂದ.

ದೊರೆ ದಡ್ಡನಲ್ಲ. ನಗಾರಿಯನ್ನು ಮಗುಚಿ ನೋಡಿದ. ಮೂಸಿ ನೋಡಿದ. ಒಳಗೆ ಯಾರಾದರೂ ಅಡಗಿದ್ದಾರೆಯೇ ಎಂದು ಒಂದನ್ನು ಬಿಚ್ಚಿಸಿಯೂ ನೋಡಿದ. ನೆಕ್ಕಿ ಮಾತ್ರ ನೋಡಲಿಲ್ಲ. ದೊರೆಯಾದವನು ಚರ್ಮ ನೆಕ್ಕುತ್ತಾನೆಯೇ? ಶತ್ರು ಕಂಡರೆ ಬಡಿಯಬೇಕೆಂದು ಠಾಣೆಗೊಂದು ಇಡಿಸಿ, ಬಡಿಸಿಯೂ ನೋಡಿದ.

ಬೇಸಗೆಯಲ್ಲಿ ಆ ನಗಾರಿಗಳ ಸದ್ದು ಕೇಳಬೇಕಿತ್ತು. ಒಂದು ಪೆಟ್ಟಿಗೆ ಏಳೂರಿನ ಮಜ್ಜಿಗೆ ತಾನೇ ಕಡೆದು ಬೆಣ್ಣೆ ತೇಲುತ್ತಿತ್ತು. ಕಿವುಡ ಮುದುಕಿಯರು "ಯಾಕ್ರೋ ಕಿರುಚುತ್ತೀರಿ" ಎಂದು ಬೈಯುತ್ತಿದ್ದರು. ನಾನೇ ಕಿವಿಯಾರೆ ಕೇಳಿದ್ದೇನೆ, ಹುಟ್ಟುವುದಕ್ಕೆ ಮುಂಚೆ.

ಒಂದೇ ಒಂದು ವಿಚಿತ್ರ. ನಗಾರಿ ಇಟ್ಟಲ್ಲಿಗೆ ಕೋಟೆಯ ಆಡುಗಳು ಓಡಿ ಬಂದು ಅದನ್ನು ನೆಕ್ಕುತ್ತಿದ್ದವು. ಕೋಲು ಹಿಡಿದು ಅಟ್ಟಿದರೂ ಮತ್ತೆ ಬರುತ್ತಿದ್ದವು. ದೊರೆ ಮೀಸೆ ತಿರುವಿದ. "ನೋಡಿರಯ್ಯಾ, ನನ್ನ ನಗಾರಿಗೆ ಆಡುಗಳೂ ಮುತ್ತಿಡುತ್ತವೆ!"

ಇಲ್ಲಿಗೆ ನಿಜಗುಣ ಗಟ್ಟಿಯಾಗಿ ನಕ್ಕ. ಈ ಸಲ ಅಜ್ಜಯ್ಯ ನಗಲಿಲ್ಲ.

ಮುಂಗಾರಿನ ಮೊದಲ ತೇವದ ಗಾಳಿ ಬೀಸಿದ ಬೆಳಿಗ್ಗೆ ದೊರೆ ಕೋಟೆಯ ಗೋಡೆಯ ಬಳಿ ನಿಂತು ಹಲ್ಲುಜ್ಜುತ್ತಿದ್ದ. ನಗಾರಿಯ ಸದ್ದಿಲ್ಲ. ಸದ್ದಿಲ್ಲದಿದ್ದರೆ ಕ್ಷೇಮ ಎಂದೇ ಅರ್ಥ. ಅವನು ನೆಮ್ಮದಿಯಿಂದ ಬಾಯಿ ಮುಕ್ಕಳಿಸಿದ. ಮಂಜು ಸರಿಯಿತು. ಬುಡದ ಠಾಣೆ ಉರಿಯುತ್ತಿತ್ತು. ಅದರ ಮೇಲಿನದೂ ಉರಿಯುತ್ತಿತ್ತು.

"ಬಡಿಯಿರೋ!" ಎಂದು ಕೂಗಿದ. ಬಡಿದರು. ನಗಾರಿ ಥಪ್ ಎಂದಿತು, ಒದ್ದೆ ಕಂಬಳಿಗೆ ಹೊಡೆದ ಹಾಗೆ. ಬೆಂಕಿಗೆ ಹಿಡಿದರು. ಚರ್ಮ ಒಣಗಿದಂತೆ ಮಾಡಿ ಮತ್ತೆ ಬೆವರಿತು. ದೊರೆ ಕೋಲು ಕಿತ್ತುಕೊಂಡು ತಾನೇ ಬಡಿದ. ಚರ್ಮದ ನೀರು ಸಿಡಿದು ಅವನ ತುಟಿಗೆ ತಗುಲಿತು.

ಉಪ್ಪು.

ಆಡುಗಳಿಗೆ ಬೇಸಗೆಯಲ್ಲೇ ಗೊತ್ತಿದ್ದದ್ದು ದೊರೆಗೆ ಆಗ ಗೊತ್ತಾಯಿತು. ಉಪ್ಪುನೀರು ಕುಡಿಸಿ ಒಣಗಿಸಿದ ಚರ್ಮ ಅದು. ಬಿಸಿಲಿಗೆ ಗರ್ಜಿಸುತ್ತದೆ, ತೇವಕ್ಕೆ ಸಾಯುತ್ತದೆ. ಎಲ್ಲ ನಗಾರಿಗಳೂ ಒಬ್ಬನ ಕೈಯಿಂದ ಬಂದವು. ಎಲ್ಲವೂ ಒಂದೇ ಗಾಳಿಗೆ ಸತ್ತವು. "ಓಡಿ ಹೋಗಿ ಹೇಳಿ" ಎನ್ನಲು ಅವನು ತಿರುಗಿದ. ಓಡುವವರು ಯಾರೂ ಇರಲಿಲ್ಲ.

ಶತ್ರುಗಳು ಅವನ ಕೈಗೆ ಕೋಳ ತೊಡಿಸಿ ಬುಡದ ಬಾಗಿಲಿಗೆ ತಂದರು. ಅಲ್ಲಿ ಅವನ ತಮ್ಮ ನಗಾರಿಯ ಮೇಲೆ ಬೋರಲಾಗಿ ಸತ್ತು ಬಿದ್ದಿದ್ದ. ಕೋಲು ಮುರಿದಿತ್ತು. ಆಮೇಲೆ ಅವನು ಕೈಯಿಂದಲೇ ಬಡಿದಿದ್ದ. ಅಂಗೈಯಲ್ಲಿ ತೊಗಲು ಉಳಿದಿರಲಿಲ್ಲ. ಅಣ್ಣ ಬಾಯಿ ಮುಕ್ಕಳಿಸುತ್ತಿದ್ದಾಗ ತಮ್ಮ ಬಡಿಯುತ್ತಿದ್ದ.

ಶತ್ರುವಿನ ದಳವಾಯಿಯ ಪಕ್ಕದಲ್ಲಿ ವರ್ತಕ ನಿಂತಿದ್ದ.

"ನಗಾರಿಯಲ್ಲಿ ಮೋಸ ಮಾಡಿದೆಯಲ್ಲೋ!" ಎಂದ ದೊರೆ.

"ನಗಾರಿ ನನ್ನ ಎರಡನೆಯ ಸರಕು, ಬುದ್ಧೀ" ಎಂದ ವರ್ತಕ. "ಮೊದಲನೆಯದನ್ನು ಸುಗ್ಗಿಯಲ್ಲೇ ನೀವು ಪುಕ್ಕಟೆ ತೆಗೆದುಕೊಂಡಿರಿ. ಅದನ್ನು ಮಗುಚಿಯೂ ನೋಡಲಿಲ್ಲ, ಮೂಸಿಯೂ ನೋಡಲಿಲ್ಲ."

ಅಜ್ಜಯ್ಯ ಮಡಿಲಿನ ಸಿಪ್ಪೆ ಕೊಡವಿದರು. ಒಳಗೆ ಕರಿಸಿದ್ದ ಪಾತ್ರೆ ತಿಕ್ಕುವ ಸದ್ದು ಕೇಳುತ್ತಿತ್ತು.

"ಅವನ ಗಂಟಿನ ವಿಚಾರ ಇರಲಿ. ಆಚೆಯವರು ನಿನಗೆ ಶಾಲಿನ ಜೊತೆಗೆ ಇನ್ನೇನು ಕೊಟ್ಟರು, ಮಗನೇ?"