ಹುಳಿಯಣ್ಣನ ಗುಡ್ಡ

ನಗರದಿಂದ ಬೆಳಿಗ್ಗೆ ಹೊರಟು ಸಂಜೆಗೆ ಮರಳುವ ಪ್ರವಾಸಿಗರು ವೈನರಿ ನೋಡಲು ಬರುವ ದಾರಿಯ ಎಡಕ್ಕೆ ಒಂದು ಬೋಳುಗುಡ್ಡವಿದೆ. ಅದರ ಹೆಸರು ಹುಳಿಯಣ್ಣನ ಗುಡ್ಡ. ಬುಡದಲ್ಲಿ ದ್ರಾಕ್ಷಿಯ ಚಪ್ಪರಗಳು. ಅವುಗಳಾಚೆ ವೈನರಿಯ ಹೆಂಚಿನ ಕಟ್ಟಡ. ವೈನಿನ ರುಚಿ ನೋಡಿ ಹೊರಬಂದವರು, ಇಲ್ಲಿನ ಹಣ್ಣು ಹುಳಿಯಾದ್ದರಿಂದ ಈ ಹೆಸರು ಬಂದಿತೆಂದು ತಮ್ಮಷ್ಟಕ್ಕೆ ತೀರ್ಮಾನಿಸುತ್ತಾರೆ. ಅದು ತಪ್ಪು. ಇಲ್ಲಿನ ಹಣ್ಣು ಎಂದೂ ಹುಳಿಯಾಗಿರಲಿಲ್ಲ.

ಹಿಂದೆ ಒಮ್ಮೆ ಈ ತೋಟ ಪಾಳೆಯಗಾರನದಾಗಿತ್ತು. ಕಾವಲಿಗೆ ಓಬಳಯ್ಯನೆಂಬವನಿದ್ದ. ಮೊದಲ ಕೊಯ್ಲು ಅರಮನೆ ಸೇರುವವರೆಗೆ ಒಂದು ಹಣ್ಣೂ ಹೊರಗೆ ಹೋಗಕೂಡದೆಂಬುದು ಅಪ್ಪಣೆ. ಬಯಕೆ ಹೊತ್ತು ಬಂದ ಬಸುರಿಯನ್ನು ಬರಿಗೈಯಲ್ಲಿ ಕಳುಹಿಸಕೂಡದೆಂಬುದು ಸೀಮೆಯ ಕಟ್ಟಳೆ. ಒಂದು ಮಧ್ಯಾಹ್ನ ಎರಡೂ ಬೇಲಿಯ ಬಳಿ ಎದುರಾದವು. ತುಂಬಿದ ಬಸುರಿಯೊಬ್ಬಳು ನಡೆದು ಬಂದು, “ಅಣ್ಣಾ, ಒಂದು ಗೊಂಚಲು ಕೊಡಣ್ಣ, ಬಾಯಿ ಬೇಡ್ತಾ ಇದೆ” ಎಂದಳು. ಅಪ್ಪಣೆಯಿದೆ ಎಂದು ನೇರವಾಗಿ ಹೇಳುವ ಧೈರ್ಯ ಅವನಿಗಿರಲಿಲ್ಲ. “ಬರೀ ಹುಳಿ ಕಣಮ್ಮ, ಹಲ್ಲು ಜುಮ್ಮೆನ್ತದೆ” ಎಂದ. ಅವಳು ನಕ್ಕುಬಿಟ್ಟಳು. “ಈ ಹೊಟ್ಟೆ ಕಂಡೂ ಹುಳಿ ಅಂತ ಹೆದರಿಸ್ತೀಯಲ್ಲಣ್ಣ, ನಿಮ್ಮನೇಲಿ ಯಾರೂ ಬಸುರಿ ಆಗಿಲ್ವಾ? ನಂಗೆ ಬೇಕಾಗಿರೋದೇ ಹುಳಿ.”

ಕೊಟ್ಟರೆ ಅಪ್ಪಣೆ ಮುರಿಯುತ್ತದೆ, ಸುಳ್ಳೂ ಬಯಲಾಗುತ್ತದೆ. ಓಬಳಯ್ಯ ಬೆನ್ನು ತಿರುಗಿಸಿ ನಿಂತ. ಅವಳು ಕಾದಳು. ಕೊನೆಗೆ ಬೇಲಿಯಿಂದ ಹೊರಗೆ ಚಾಚಿದ್ದ ಬಳ್ಳಿಯ ಎಳೆಯ ಎಲೆಯೊಂದನ್ನು ಕಿತ್ತು ಅಗಿದಳು. ದ್ರಾಕ್ಷಿಯ ಎಲೆಯಂತೂ ಹುಳಿಯೇ. “ನಿಜಾನೇ ಹೇಳಿದೆ ಕಣಣ್ಣ. ಎಲೆನೇ ಇಷ್ಟು ಹುಳಿ ಅಂದ್ರೆ ಕಾಯಿ ಇನ್ನೆಷ್ಟೋ. ನಿನ್ನ ಬಾಯಲ್ಲಿ ಸುಳ್ಳಿಲ್ಲ” ಎಂದು ಹರಸಿ, ಅವನು ಇನ್ನೂ ತಿರುಗದ್ದನ್ನು ಕಂಡು ಬರಿಗೈಯಲ್ಲೇ ಹೊರಟುಹೋದಳು.

ಅಪ್ಪಣೆ ಪಾಲಿಸುವುದು ಗುಣ. ಸುಳ್ಳಿನಿಂದ ಪಾಲಿಸುವುದು ಗುಣವಲ್ಲ. ಸಂಜೆ ಓಬಳಯ್ಯ ಮೊದಲ ಕೊಯ್ಲಿನ ಬುಟ್ಟಿ ಹೊತ್ತು ಅರಮನೆಗೆ ಹೋದ. ಇಂಥ ಸಿಹಿಯನ್ನು ತಾನು ಕಂಡೇ ಇಲ್ಲವೆಂದು ಪಾಳೆಯಗಾರ ಮೆಚ್ಚಿ ಶಾಲು ಹೊದಿಸಿದ. ಓಬಳಯ್ಯ ಶಾಲನ್ನು ಅಲ್ಲೇ ಕೆಳಗಿಟ್ಟ; ಕಾವಲಿನ ಕೋಲನ್ನೂ ಒಪ್ಪಿಸಿದ. ಮರುದಿನ ಒಂದು ಬುಟ್ಟಿ ಹಣ್ಣು ಹೊತ್ತು ಅವಳನ್ನು ಹುಡುಕಲು ಹೊರಟ. ಆದರೆ ಯಾರನ್ನೆಂದು ಕೇಳುವುದು? ಹೆಸರು ಕೇಳಿರಲಿಲ್ಲ. ಊರೂ ಕೇಳಿರಲಿಲ್ಲ. “ನನ್ನನ್ನು ಅಣ್ಣ ಎಂದವಳು” ಎಂದಷ್ಟೇ ಹೇಳುತ್ತ ಊರೂರು ತಿರುಗಿದ. ಬುಟ್ಟಿಯ ಹಣ್ಣು ಕೊಳೆಯಿತು, ಅವಳು ಸಿಗಲಿಲ್ಲ. ಹೆತ್ತಳೋ, ಉಳಿದಳೋ, ಯಾರೂ ತಿಳಿಸಲಿಲ್ಲ. ಮರಳಿ ಬಂದು ಬೇಲಿಯ ಹೊರಗೆ, ಗುಡ್ಡದ ಬುಡದಲ್ಲಿ, ಒಂದು ಬಳ್ಳಿ ನೆಟ್ಟು ಸಾಯುವವರೆಗೆ ಅದಕ್ಕೆ ನೀರೆರೆದ. ವಿಷಯ ತಿಳಿದ ಜನ ಅವನನ್ನು ಹುಳಿಯಣ್ಣ ಎಂದು ಹಂಗಿಸಿದರು. ಅವನು ಆ ಹೆಸರಿಗೇ ಓಗೊಡುತ್ತಿದ್ದ ಎನ್ನುತ್ತಾರೆ.

ಆ ಬಳ್ಳಿಯ ಸಂತತಿ ಈಗಲೂ ಬೇಲಿಯ ಹೊರಗೇ ಇದೆ. ಅದಕ್ಕೆ ಕಾವಲಿಲ್ಲ, ಅದರ ಹಣ್ಣು ವೈನರಿಗೆ ಹೋಗುವುದಿಲ್ಲ. ಹಣ್ಣಿಗೆ ಕೈಚಾಚಿದ ಹೆಂಗಸರನ್ನು ತೋಟದ ಕೆಲಸದವರು ತಡೆಯುವುದಿಲ್ಲ, ಕತ್ತರಿ ಕೆಳಗಿಟ್ಟು, “ಹೆಸರೇನಮ್ಮ? ಯಾವೂರು ನಿಮ್ಮದು?” ಎಂದು ಮಾತ್ರ ಕೇಳುತ್ತಾರೆ. ಪ್ರವಾಸಿಗರು ಇದನ್ನು ಹಳ್ಳಿಯವರ ಕುತೂಹಲವೆಂದು ಭಾವಿಸಿ, ಬೆಂಗಳೂರು ಎಂದು ಹೇಳಿ ಬಸ್ಸು ಹತ್ತುತ್ತಾರೆ.