ಓಗುಡ್ಡಕ್ಕೆ ಆ ಹೆಸರು ಬಂದದ್ದು

ಹಿರೇನೂಲಿಯ ಹಳೆಯ ಹತ್ತಿ ಗಿರಣಿಯ ಬೆನ್ನಿಗೆ ಹುಲ್ಲಿನ ಬಯಲು ಕಣ್ಣು ಹಾಯುವಷ್ಟು ದೂರ ಮಲಗಿದೆ. ಗಿರಣಿಯ ಚಿಮಣಿಯಲ್ಲಿ ಈಗ ಹದ್ದಿನ ಗೂಡು; ಕೂಲಿಯವರು ಸಾಲುಗಟ್ಟಿ ನಿಲ್ಲುತ್ತಿದ್ದ ಅಂಗಳದಲ್ಲಿ ಚಿಗರಿಗಳು ಮೇಯುತ್ತವೆ. ಬಯಲಿನ ನಡುವೆ ಇರುವ ಬೋಳುಗುಡ್ಡವೇ ಓಗುಡ್ಡ. ಯಾವನೋ ಋಷಿ ಅಲ್ಲಿ ಓಂಕಾರ ಜಪಿಸಿದ್ದರಿಂದ ಆ ಹೆಸರು ಬಂತೆಂದು ತಿಳಿದವರು ಹೇಳುವುದುಂಟು. ಓಂಕಾರವೂ ಇಲ್ಲ, ಗೀಂಕಾರವೂ ಇಲ್ಲ. ಋಷಿ ಬಂದಿದ್ದರೆ ಆ ಗಾಳಿಗೆ ಅವನ ಜಟೆ ಹಾರಿಹೋಗುತ್ತಿತ್ತು. ಆ ಹೆಸರಿನ ಹಿಂದೆ ಇರುವುದು ಒಬ್ಬ ಗಂಡ, ಒಬ್ಬಳು ಹೆಂಡತಿ ಮತ್ತು ಒಂದು ತೋಳಗಳ ಹಿಂಡು.

ಹಿಂದೆ ಒಮ್ಮೆ, ಗಿರಣಿ ನಡೆಯುತ್ತಿದ್ದ ಕಾಲದಲ್ಲಿ, ಫಕೀರಪ್ಪನೆಂಬವನು ಕೂಲಿಯವರನ್ನು ಕೆಲಸಕ್ಕೆ ಕರೆಯುವ ಅದರ ಭೋಂಗಾ ಕೂಗಿಸುತ್ತಿದ್ದ. ನಸುಕಿನಲ್ಲಿ ಅವನು ಸರಪಳಿ ಎಳೆದರೆ ಊರಿಗೆ ಊರೇ ಎದ್ದು ಶಾಪ ಹಾಕುತ್ತಿತ್ತು. ಹೆಂಡತಿ ಸಾವಂತ್ರವ್ವನೂ ಅವನನ್ನು 'ನಿದ್ದಿಗೇಡಿ' ಎಂದೇ ಬೈಯುತ್ತಿದ್ದಳು. ಬಯಲಿನ ತೋಳಗಳು ಮಾತ್ರ ಗುಡ್ಡದ ಮೇಲೆ ಕೂತು, ಮೂತಿ ಎತ್ತಿ, 'ಓ…' ಎಂದು ಓಗೊಡುತ್ತಿದ್ದವು. ಇಷ್ಟು ಮಂದಿಯಲ್ಲಿ ತನ್ನ ಕರೆಗೆ ಮರ್ಯಾದೆ ಕೊಟ್ಟವು ಅವೇ ಎಂದು ಫಕೀರಪ್ಪ ಹಿಗ್ಗುತ್ತಿದ್ದ. ಆ ಭೋಂಗಾವೇ ಕಡೆಗೆ ಅವನ ಎರಡೂ ಕಿವಿಗಳನ್ನು ತಿಂದುಹಾಕಿತು ಎನ್ನುತ್ತಾರೆ.

ಆಮೇಲೆ ಗಿರಣಿ ಮುಚ್ಚಿತು, ಭೋಂಗಾ ನಿಂತಿತು. ತೋಳಗಳು ಆ ಕರೆಯನ್ನು ಹುಡುಕಿಕೊಂಡು ಮಂಜಿನಲ್ಲಿ ಗಿರಣಿಯ ಗೋಡೆಯವರೆಗೂ ಬರತೊಡಗಿದವು. ಕುರಿ ಇದ್ದವರ ಎದೆ ಹೊಡೆದುಕೊಂಡಿತು. ಅಮಾವಾಸ್ಯೆಯ ದಿನ ಗುಡ್ಡದ ಗವಿಗೆ ಹೊಗೆ ಹಾಕಿ, ಮರಿಸಮೇತ ಮುಗಿಸುವುದೆಂದು ಹಿರಿಯರು ಗೊತ್ತುಮಾಡಿದರು. ಫಕೀರಪ್ಪ ಅವರ ಮುಂದೆ ಹೋಗಿ ನಿಂತ. "ಅವು ಕುರಿಗೆ ಬರಂಗಿಲ್ರೀ, ನನ್ನ ಕರಿಗೆ ಬರ್ತಾವು. ನಾ ಬಯಲಾಗ ನಿಂತು ಕರೀತೀನಿ, ಅಲ್ಲೇ ಉಳೀತಾವು," ಎಂದು ಕೈಮುಗಿದ. ಅಮಾವಾಸ್ಯೆಯೊಳಗೆ ಗುಡ್ಡದಿಂದಲೇ ಅವು ಓಗೊಟ್ಟರೆ ಬಿಡುತ್ತೇವೆ, ಇಲ್ಲದಿದ್ದರೆ ಇಲ್ಲ ಎಂದು ಹಿರಿಯರು ಕೈಸನ್ನೆಯಲ್ಲಿ ತಿಳಿಸಿದರು.

ಅಂದಿನಿಂದ ಅವನು ಕುರುಬರಲ್ಲಿ ಬೇಡಿ ತಂದ ಕೊಂಬು ಹಿಡಿದು ದಿನಾ ನಸುಕಿಗೆ ಗುಡ್ಡದ ಬುಡಕ್ಕೆ ಹೊರಟ. ಉತ್ತರ ಬಂದರೆ ಕೇಳಲು ಕಿವಿಯಿಲ್ಲ. "ತ್ವಾಳದ ಕೂಡ ಬೀಗತನಾ ಬೆಳಸಾಕ ನಾನೂ ಬರಬೇಕೇನು?" ಎಂದು ಗೊಣಗುತ್ತಲೇ ಸಾವಂತ್ರವ್ವ ಜೊತೆಗೆ ನಡೆದಳು. ಅವನು ಉಸಿರು ತುಂಬಿ ಊದಿದ. ಮಂಜು ಕವಿದು ಬಯಲೆಲ್ಲ ಹಾಲು ಚೆಲ್ಲಿದಂತೆ ಬೆಳ್ಳಗಿತ್ತು. ಹುಲ್ಲಿನ ತುದಿಯಿಂದ ಇಬ್ಬನಿ ಉದುರುವುದನ್ನು ಬಿಟ್ಟರೆ ಸದ್ದಿರಲಿಲ್ಲ. "ಓ ಅಂದ್ವೇನ?" ಎಂದು ಅವನು ಅವಳ ಮುಖ ನೋಡಿದ. ಆ ಕಣ್ಣಿನ ಆಸೆ ಕಂಡು ಅವಳಿಗೆ ಇಲ್ಲವೆನ್ನಲು ಮನಸ್ಸು ಬರಲಿಲ್ಲ. ಅಂದವು ಎಂದು ತಲೆಯಾಡಿಸಿದಳು. ಮರುದಿನವೂ ಅದೇ ಸುಳ್ಳು, ಆಮೇಲೂ ಅದೇ. ಊರವರಿಗೆ ಏನೂ ಕೇಳಿಸಲಿಲ್ಲ; ಅವರು ಹೊಗೆಗೆ ಸೌದೆ ಒಟ್ಟುತ್ತಲೇ ಇದ್ದರು.

ಅಮಾವಾಸ್ಯೆಯ ಬೆಳಗು ಅವನು ಊದಿ ಊದಿ ಸೋತು ಕೊಂಬನ್ನು ಕೆಳಗಿಟ್ಟ. ಸಾವಂತ್ರವ್ವನಿಗೆ ದುಃಖ ಒತ್ತರಿಸಿ ಬಂತು. ಇಷ್ಟು ವರ್ಷ ಕರೆದ ಮನುಷ್ಯನಿಗೆ ತಾನಾದರೂ ಒಮ್ಮೆ ಓ ಎನ್ನಲಿಲ್ಲವಲ್ಲ ಎನಿಸಿತು. ಕೈಗಳನ್ನು ಬಾಯಿಗೆ ಒಡ್ಡಿ ಅವಳೇ "ಓ…" ಎಂದಳು. ಆ ದನಿ ಮಂಜಿನಲ್ಲಿ ಕರಗುವಷ್ಟರಲ್ಲಿ ಗುಡ್ಡದ ನೆತ್ತಿಯಿಂದ ಒಂದು ತೋಳ ಓಗೊಟ್ಟಿತು. ಅದರ ಹಿಂದೆ ಇನ್ನೊಂದು, ಆಮೇಲೆ ಮರಿಗಳ ಎಳೆದನಿಗಳು. ಊರಲ್ಲಿ ಸೌದೆ ಹೊರಲು ಬಗ್ಗಿದವರು ಬಗ್ಗಿದಲ್ಲೇ ಉಳಿದರು. ಫಕೀರಪ್ಪ ಎಂದಿನ ಪ್ರಶ್ನೆ ಕೇಳಲಿಲ್ಲ. ಹೆಂಡತಿಯ ಮುಖವನ್ನೇ ನೋಡುತ್ತ, "ಇವತ್ತ ಖರೇನ ಅಂದ್ವು," ಎಂದ. ಇಷ್ಟು ದಿನದ ಸುಳ್ಳೂ ಅವನಿಗೆ ಗೊತ್ತಿತ್ತೆಂದು ಅವಳಿಗೆ ಆಗ ತಿಳಿಯಿತು.

ಗವಿಗೆ ಹೊಗೆ ಹಾಕಲಿಲ್ಲ; ಓ ಎಂದ ಗುಡ್ಡ ಓಗುಡ್ಡವಾಯಿತು. ಈಗಲೂ ಅಲ್ಲಿ ತೋಳಗಳಿವೆ, ಕಣ್ಣಿಗೆ ಬೀಳುವುದು ಅಪರೂಪ. ನೋಡಲು ಬಂದವರು ಗುಡ್ಡದ ಬುಡದಲ್ಲಿ ನಿಂತು ಓ ಎಂದು ಕಾಯುತ್ತಾರೆ. ಒಮ್ಮೊಮ್ಮೆ ಉತ್ತರ ಬರುತ್ತದೆ, ಎಷ್ಟೋ ಸಲ ಬರೀ ಗಾಳಿ. ಕಿವಿ ಮಂದವಾದ ಮುದುಕರು ಯಾರಾದರೂ ಅಂದವೇನೆಂದು ಕೇಳಿದರೆ ಮಾತ್ರ, ಪಕ್ಕದಲ್ಲಿದ್ದವರು ಅಂದವು ಎಂದೇ ಹೇಳಬೇಕು. ಅದು ಹಿರೇನೂಲಿಯ ರೀತಿ.